ಸಿಂಕಿನ ಮೂಲೆಯಿಂದ ಸೀಳಿದ ಕಲ್ಲು

ಗ್ರಾನೈಟ್ ಮೇಸ್ತ್ರಿ ಮೂರನೇ ಸಲವೂ ‘ನಾಳೆ ಖಂಡಿತ ಬರ್ತೀನಿ ಸಾರ್’ ಎಂದು ಫೋನ್ ಇಟ್ಟ ದಿನ, ಅಡುಗೆಮನೆ ಕಟ್ಟೆಗೆ ಕಲ್ಲನ್ನು ನಾನೇ ಕೂರಿಸುತ್ತೇನೆ ಎಂದು ತೀರ್ಮಾನಿಸಿದೆ. ಗೃಹಪ್ರವೇಶಕ್ಕೆ 11 ದಿನ ಉಳಿದಿತ್ತು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ಎಂಜಿನ್ ಇಳಿಸಿ ಏರಿಸಿದವನಿಗೆ ಒಂದು ಕಲ್ಲುಹಲಗೆ ಏನು ಮಹಾ ಅನ್ನಿಸಿತ್ತು. ‘ಕಲ್ಲಿನ ಕೆಲಸ ಬೇರೆ, ಸುಮ್ಮನಿರಿ’ ಎಂದು ಹೆಂಡತಿ ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ.

ಕೆಳಗಿನ ಕೆಲಸ ಮಾತ್ರ ಚೆನ್ನಾಗಿಯೇ ಆಯಿತು. ಇಟ್ಟಿಗೆ ಗೋಡೆಗಳ ಮೇಲೆ ಕಡಪಾ ಕಲ್ಲು ಹಾಸಿದೆ, ಅಡಿಅಡಿಗೂ ರಸಮಟ್ಟ ಇಟ್ಟು ನೋಡಿದೆ, ಮೂಲೆಮಟ್ಟ ಹಿಡಿದು ಗೋಡೆಯ ಓರೆ ಅಳೆದೆ. ಒಂದು ಕೊನೆಯಲ್ಲಿ ಗೋಡೆ ಅರ್ಧ ಇಂಚು ಹೊರಗೆ ಬಂದಿತ್ತು. ಅದಕ್ಕೆ ಸರಿಯಾಗಿ ಕಲ್ಲನ್ನು ಕೊಯ್ಯಬೇಕಿತ್ತು.

ಹೆಂಡತಿ ಮೆಚ್ಚಿದ್ದು ಇಳಕಲ್ಲಿನ ಕೆಂಪು ಗ್ರಾನೈಟ್. 9 ಅಡಿ ಉದ್ದ, 2 ಅಡಿ ಅಗಲ. ಚದರಡಿಗೆ ಸುಮಾರು 5 ಕೆ.ಜಿ. ಲೆಕ್ಕದಲ್ಲಿ 90 ಕೆ.ಜಿ. ಸಿಂಕಿನ ತೂತು ತೆಗೆದರೆ 75. ಮೂರು ಜನಕ್ಕೆ ತಲಾ 25 ಕೆ.ಜಿ., ಒಂದು ಅಕ್ಕಿ ಮೂಟೆಯಷ್ಟು. ಈ ಲೆಕ್ಕವೇ ನನ್ನನ್ನು ಕೆಡಿಸಿತು. ಮನೆಯಲ್ಲಿ ಧೂಳಾಗುವುದು ಬೇಡವೆಂದು ತೂತನ್ನು ಅಂಗಡಿಯಲ್ಲೇ ಕೊಯ್ಯಿಸಿಕೊಂಡು ಬಂದೆ. ತೂತಿನ ಮುಂದೆ 3 ಇಂಚು ಕಲ್ಲು, ಹಿಂದೆ 3 ಇಂಚು ಕಲ್ಲು, ಅಷ್ಟೇ ಉಳಿದದ್ದು.

ಗೋಡೆಯ ಓರೆಗೆ ಬೇಕಾದ ಅರ್ಧ ಇಂಚನ್ನು ಕಲ್ಲು ಕೂರಿಸುವ ಹಿಂದಿನ ರಾತ್ರಿ ನಡುಮನೆಯಲ್ಲಿ, ನೀರು ಹಾಕದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೊಯ್ದೆ. ನಾಲ್ಕು ದಿನ ಕೆಮ್ಮಿದೆ. ಆ ಬಿಳಿ ಧೂಳಿನಲ್ಲಿರುವುದು ಸಿಲಿಕಾ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಎದೆ ತಿಂದದ್ದೂ ಅದೇ. ಟವೆಲ್ಲು ಅದನ್ನು ತಡೆಯುವುದಿಲ್ಲ. ಕ್ವಾರ್ಟ್ಜ್ ಹಾಕಿಸಬೇಕು ಎನ್ನುವವರು ಇನ್ನೂ ಎಚ್ಚರವಾಗಿರಿ. ಕಾರ್ಖಾನೆಯಲ್ಲಿ ಅಂಟು ಬೆರೆಸಿ ಒತ್ತಿದ ಆ ಹಲಗೆಗಳಲ್ಲಿ ಸಿಲಿಕಾ ಗ್ರಾನೈಟಿಗಿಂತ ಬಹಳ ಹೆಚ್ಚು. ಕೊಯ್ಯುವವರ ಶ್ವಾಸಕೋಶ ಹಾಳಾಗುತ್ತಿದೆ ಎಂದೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವನ್ನು ನಿಷೇಧಿಸಿದೆ.

ಭಾನುವಾರ ಬೆಳಿಗ್ಗೆ ನಾನು, ಮಗ, ಭಾವಮೈದ ಕಲ್ಲೆತ್ತಿದೆವು. ಅಡುಗೆಮನೆಯವರೆಗೂ ನಿಲುವಾಗಿಯೇ ತಂದೆವು, ತೊಂದರೆಯಾಗಲಿಲ್ಲ. ಕಟ್ಟೆಯ ಎದುರು ಬಂದಾಗ ಭಾವಮೈದನ ಕೈ ನಡುಗುತ್ತಿತ್ತು. ‘ಭಾವ, ಕೈ ಸೋತೋಗ್ತಿದೆ. ಮಲಗಿಸಿ, ಒಂದು ತುದಿ ಕಟ್ಟೆ ಮೇಲಿಟ್ಟು ತಳ್ಳಿಬಿಡೋಣ’ ಅಂದ. ಬೇಡ ಅನ್ನಬೇಕಾದವನು ನಾನು. ‘ಸರಿ, ಮಲಗಿಸು’ ಅಂದುಬಿಟ್ಟೆ. ಒಂದು ತುದಿ ಕಟ್ಟೆಗೆ ತಾಗಿತು. ಇನ್ನೊಂದು ತುದಿ ನನ್ನ ಮತ್ತು ಮಗನ ಕೈಯಲ್ಲಿ. ನಡುವೆ ಸಿಂಕಿನ ತೂತು, ಅದರ ಕೆಳಗೆ ಏನೂ ಇಲ್ಲ. ಭಾವಮೈದ ಅಲ್ಲಿಗೆ ಕೈ ಕೊಡಲು ಬಗ್ಗಿದ. ತೆಂಗಿನಕಾಯಿ ಒಡೆದಂಥ ಸದ್ದು, ಒಂದೇ ಒಂದು. ನನ್ನ ಕೈಯಲ್ಲಿದ್ದ ಭಾರ ಒಮ್ಮೆಲೇ ಕೆಳಕ್ಕೆ ಜಗ್ಗಿತು. ಮಗನನ್ನು ಹಿಂದಕ್ಕೆ ನೂಕಿದೆ. ಆಮೇಲೆ ನೋಡಿದರೆ ಭಾವಮೈದ ನೆಲದಲ್ಲಿ ಕೂತಿದ್ದ, ಬಲಗಾಲು ಕಲ್ಲಿನ ಕೆಳಗೆ. ಅವನು ಕೂಗಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, ಅವನ ಅಕ್ಕ, ಕೂಗಿದಳು. ಹೆಬ್ಬೆರಳಿನ ಮೂಳೆ ಎರಡು ಕಡೆ ಮುರಿದಿತ್ತು. ಗೃಹಪ್ರವೇಶದ ದಿನ ಅವನು ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಕುರ್ಚಿಯಲ್ಲಿದ್ದ.

ಆಸ್ಪತ್ರೆಯಿಂದ ಬಂದು ತುಂಡುಗಳನ್ನು ನೋಡಿದೆ. ಎರಡು ಸೀಳೂ ತೂತಿನ ಮೂಲೆಗಳಿಂದಲೇ ಹೊರಟಿದ್ದವು. ಅಂಗಡಿಯವನು ನಾಲ್ಕೂ ಮೂಲೆಗಳನ್ನು ಚೂಪಾಗಿ ಕೊಯ್ದಿದ್ದ. ಮೊದಲು ಅಲ್ಲಿ ದುಂಡು ತೂತು ಕೊರೆದು, ಆಮೇಲೆ ಅವುಗಳನ್ನು ಸೇರಿಸುವ ಹಾಗೆ ಕೊಯ್ಯಬೇಕಿತ್ತು. ದಿನಕ್ಕೆ ಹತ್ತು ಸಿಂಕು ಕೊಯ್ಯುವವನಿಗೆ ಇದನ್ನು ಗಿರಾಕಿ ಹೇಳಿಕೊಡಬೇಕೇ? ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಬಸ್ಸಿನ ತಗಡು ಸೀಳಿದಾಗ ಸೀಳಿನ ತುದಿಗೆ ದುಂಡು ತೂತು ಕೊರೆದು ನಿಲ್ಲಿಸುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಚೂಪು ಮೂಲೆಯಲ್ಲಿ ಸೀಳು ಹುಟ್ಟುತ್ತದೆ ಎಂದು ಗೊತ್ತಿದ್ದವನು ನನ್ನದೇ ಮನೆಯ ಕಲ್ಲಿನಲ್ಲಿ ಅದನ್ನು ನೋಡಲಿಲ್ಲ.

ಎರಡನೇ ಕಲ್ಲು ತಂದಾಗ ಬೇರೆ ಮೇಸ್ತ್ರಿ ಬಂದರು. ನಾಲ್ಕು ಆಳು, ಕಲ್ಲು ಕೊನೆಯವರೆಗೂ ನಿಲುವಾಗಿಯೇ. ಕಟ್ಟೆಯ ಅಂಚಿಗೆ ಉದ್ದಕ್ಕೂ ಒರಗಿಸಿ, ಎಲ್ಲರೂ ಒಟ್ಟಿಗೆ ನಿಧಾನ ಬಾಗಿಸಿದರು. ಕೂತ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋದರು. ಟೊಳ್ಳು ಸದ್ದು ಬಂದ ಕಡೆ ಅಡಿಗೆ ಗಾರೆ ತುಂಬಿಸಿದರು. ಟೊಳ್ಳು ಬಿಟ್ಟರೆ ಮುಂದೊಂದು ದಿನ ಅದರ ಮೇಲೆ ಕಾಯಿ ಕುಟ್ಟಿದಾಗ ಬಿರುಕು ಬಿಡುತ್ತದಂತೆ. ಸಿಂಕಿನ ತೂತನ್ನು ಕಲ್ಲು ಕೂತ ಮೇಲೆಯೇ, ಮೂಲೆ ದುಂಡಗೆ ಮಾಡಿ, ನೀರು ಸುರಿಯುತ್ತಾ ಕೊಯ್ದರು. ನಾನು ಹಾಕಿದ್ದ ಕಡಪಾ ಹಾಸಿನ ಮೇಲೆ ರಸಮಟ್ಟ ಇಟ್ಟು ನೋಡಿದ ಮೇಸ್ತ್ರಿ ಅದನ್ನು ಮುಟ್ಟಲಿಲ್ಲ.

ಹಾಗಾಗಿ ಕೈಕೆಲಸ ಬಲ್ಲವರಾದರೆ ಅಳತೆ, ತಳ, ಮಟ್ಟ ಎಲ್ಲವನ್ನೂ ನೀವೇ ಮಾಡಿಕೊಳ್ಳಿ. ಕಲ್ಲು ಕೊಯ್ಯುವುದನ್ನೂ ಎತ್ತುವುದನ್ನೂ ಮಾಡಬೇಡಿ. ಮೇಸ್ತ್ರಿ ಬರುವುದು ತಡವಾದರೆ ಗೃಹಪ್ರವೇಶವನ್ನೇ ಮುಂದೆ ಹಾಕಿ.