ಕ್ಲೋರಿನ್ ಯಾವುದರ ಜೊತೆ ಸೇರಿದರೆ ಏನಾಗುತ್ತದೆ?



ಅಡುಗೆಯ ಉಪ್ಪು, ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ, ಕಕ್ಕಸು ತೊಳೆಯುವ ಆಸಿಡ್ – ಈ ಮೂರರಲ್ಲೂ ಕ್ಲೋರಿನ್ ಇದೆ. ಒಂದನ್ನು ದಿನಾ ತಿನ್ನುತ್ತೇವೆ, ಒಂದು ನೀರು ಶುದ್ಧ ಮಾಡುತ್ತದೆ, ಇನ್ನೊಂದು ಕೈ ಸುಡುತ್ತದೆ. ಯಾವುದರ ಜೊತೆ ಸೇರಿದೆ ಅನ್ನುವುದರ ಮೇಲೆ ಅದರ ಗುಣ.

ಒಂಟಿಯಾಗಿದ್ದಾಗ ಕ್ಲೋರಿನ್ ಹಳದಿ-ಹಸಿರು ಬಣ್ಣದ ವಿಷಾನಿಲ. 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟಿದ್ದು ಇದನ್ನೇ. ಎದುರಿಗೆ ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಎಂಬ ಅತಿ ಸಣ್ಣ ಕಣವನ್ನು ಕಿತ್ತುಕೊಳ್ಳುವುದು ಅದರ ಸ್ವಭಾವ. ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಸೋಡಿಯಂ ಲೋಹದಿಂದ ಕಿತ್ತುಕೊಂಡರೆ ಇಬ್ಬರೂ ತಣ್ಣಗಾಗಿ ಉಪ್ಪಾಗುತ್ತಾರೆ! ಹೈಡ್ರೋಜನ್ ಜೊತೆ ಸೇರಿ ನೀರಲ್ಲಿ ಕರಗಿದರೆ ಆಸಿಡ್. ಕಬ್ಬಿಣವನ್ನಂತೂ ತಿಂದೇ ಹಾಕುತ್ತದೆ.

ಇದೇ ಹ್ಯಾಲೊಜನ್ ಕುಟುಂಬದ ಅಕ್ಕ ಫ್ಲೋರಿನ್ ಇನ್ನೂ ಜೋರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಕುದಿಸಿದರೂ, ಬ್ಲೀಚಿಂಗ್ ಹಾಕಿದರೂ ಅದು ಹೋಗುವುದಿಲ್ಲ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಲೇಬೇಕು. ತಂಗಿ ಅಯೋಡಿನ್ ಸಾಧು. ಗಳಗಂಡ ಬರದಂತೆ ಉಪ್ಪಿನಲ್ಲಿ ಸೇರಿಸುವುದು ಅದನ್ನೇ.

ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿದರೆ ಬ್ಲೀಚಿಂಗ್ ಪುಡಿ. ಪುಡಿ ಚೆನ್ನಾಗಿದ್ದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. 24 ಗ್ರಾಂ ಪುಡಿ ಬೇಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ಒಂದು ಗಂಟೆ ಕಳೆದು ನೀರು ಸೇದಿ. ಬಾವಿಯಲ್ಲಿ ಕೊಳೆತ ಎಲೆ, ಕೆಸರು ಇದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ರೋಗಾಣು ಉಳಿದುಬಿಡುತ್ತವೆ. ಬಾಯಿ ಬಿಚ್ಚಿಟ್ಟ ಚೀಲದ ಪುಡಿಗೂ ಶಕ್ತಿ ಇರುವುದಿಲ್ಲ.

ಶಾಲೆ, ಆಸ್ಪತ್ರೆ, ಛತ್ರಗಳಲ್ಲಿ ಶುಚಿ ಕೆಲಸಕ್ಕೆ ಹೋಗುವ ಅಕ್ಕ-ತಂಗಿಯರು ಇದನ್ನು ಗಮನವಿಟ್ಟು ಓದಿ. ಚೆನ್ನಾಗಿ ಬೆಳ್ಳಗಾಗಲಿ ಅಂತ ಬ್ಲೀಚಿಂಗ್ ಮೇಲೆ ಆಸಿಡ್ ಸುರಿಯುವವರಿದ್ದಾರೆ. ಹಾಗೆ ಸುರಿದ ಕೂಡಲೇ ಸುಣ್ಣದ ಜೊತೆ ಇದ್ದ ಕ್ಲೋರಿನ್ ಬಿಡಿಸಿಕೊಂಡು ಮೇಲೇಳುತ್ತದೆ – ಯುದ್ಧದಲ್ಲಿ ಬಿಟ್ಟ ಅದೇ ಅನಿಲ, ಅದೂ ಕಿಟಕಿಯಿಲ್ಲದ ಪುಟ್ಟ ಕಕ್ಕಸಿನೊಳಗೆ. ಅಮೋನಿಯಾ ಇರುವ ದ್ರಾವಣಕ್ಕೆ ಬ್ಲೀಚಿಂಗ್ ಬೆರೆತರೂ ಬೇರೊಂದು ವಿಷಾನಿಲ ಏಳುತ್ತದೆ. ಒಂದು ದಿನ ಒಂದನ್ನೇ ಬಳಸಿ, ಧಾರಾಳ ನೀರು ಹೊಯ್ದು ತೊಳೆಯಿರಿ. ಮೇಸ್ತ್ರಿ ಬೆರೆಸು ಅಂದರೂ ಬೆರೆಸಬೇಡಿ. ಘಾಟು ಬಂದರೆ ಬಕೆಟ್ಟು ಎತ್ತಲು ಹೋಗದೆ ತಕ್ಷಣ ಹೊರಗೆ ಗಾಳಿಗೆ ಬನ್ನಿ. ಕೆಮ್ಮು, ಎದೆ ಬಿಗಿತ ಇದ್ದರೆ ಆಸ್ಪತ್ರೆಗೆ ಹೋಗಿ, ಏನು ಬೆರೆತಿತ್ತು ಅಂತ ಡಾಕ್ಟರಿಗೆ ಹೇಳಿ. ಉಸಿರಿನ ತೊಂದರೆ ಕೆಲವು ಗಂಟೆ ಕಳೆದ ಮೇಲೂ ಶುರುವಾಗಬಹುದು.