ಅನುಭವ ಇದೆ, ಬಿ.ಇಡಿ. ಇಲ್ಲ
‘ಖಾಸಗಿ ಶಾಲೆಗೆ ಅದೆಲ್ಲ ಬೇಡಮ್ಮ’ ಅಂದ ನಿಮ್ಮ ಪ್ರಿನ್ಸಿಪಾಲರ ಮಾತು ನಂಬಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಒಂದರಿಂದ ಎಂಟನೇ ತರಗತಿಯ ಶಿಕ್ಷಕರಿಗೆ ತರಬೇತಿ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಎರಡೂ ಬೇಕು. ಅನುದಾನರಹಿತ ಶಾಲೆ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ತರಬೇತಿಯಿಲ್ಲದವರನ್ನಿಟ್ಟು ಸಂಬಳ ಉಳಿಸುವ ಆಡಳಿತ ಮಂಡಳಿಗಳಿವೆ, ಅದು ಬೇರೆ ಮಾತು.

ನಿಮ್ಮದು ಎಂ.ಎಸ್ಸಿ. ಗಣಿತ. ಎರಡು ವರ್ಷದ ಬಿ.ಇಡಿ.ಗೆ ಸೇರಿ, ಆದರೆ ಕಾಲೇಜಿಗೆ ಎನ್‌ಸಿಟಿಇ ಮಾನ್ಯತೆ ಇದೆಯೇ ನೋಡದೆ ಶುಲ್ಕ ಕಟ್ಟಬೇಡಿ. ಇಗ್ನೋದ ದೂರಶಿಕ್ಷಣದ ಬಿ.ಇಡಿ. ಇರುವುದು ಡಿ.ಇಡಿ.ಯಂಥ ತರಬೇತಿ ಮೊದಲೇ ಮುಗಿಸಿದವರಿಗೆ, ನಿಮಗೆ ಸಿಗದು. ಕೊನೆಯ ವರ್ಷದಲ್ಲೇ ಟಿಇಟಿಯ ಎರಡನೇ ಪತ್ರಿಕೆ ಬರೆಯಿರಿ. ಸಾಮಾನ್ಯ ವರ್ಗದವರು 150ಕ್ಕೆ 90 ತೆಗೆದರೆ ಪಾಸು, ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ. ಮೊದಲ ಪತ್ರಿಕೆಯ ಆಸೆ ಬಿಡಿ: ಬರೀ ಬಿ.ಇಡಿ. ಆದವರು ಐದನೇ ತರಗತಿವರೆಗಿನ ಹುದ್ದೆಗೆ ಅರ್ಹರಲ್ಲವೆಂದು 2023ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.