ಹಳೆಯ ಬಳಕೆದಾರ, ಹೊಸ ಆವೃತ್ತಿ: ಟ್ಯಾಲಿಯ ನಿದರ್ಶನ

ತಂತ್ರಾಂಶ ಕಂಪನಿಗೆ ಎರಡು ಬಗೆಯ ಗಿರಾಕಿಗಳಿರುತ್ತಾರೆ. ಇಂದು ಹೊಸದಾಗಿ ಕೊಳ್ಳುವವನು ಒಬ್ಬ. ಹತ್ತಾರು ವರ್ಷಗಳ ಹಿಂದೆಯೇ ಕೊಂಡು ಅದರಲ್ಲಿ ಕೈ ಪಳಗಿಸಿಕೊಂಡವನು ಇನ್ನೊಬ್ಬ. ಮೊದಲನೆಯವನಿಗೆ ಹೊಸ ಸೌಲಭ್ಯಗಳು ಬೇಕು. ಎರಡನೆಯವನಿಗೆ ನಿನ್ನೆ ಇದ್ದದ್ದು ನಾಳೆಯೂ ಇದ್ದಲ್ಲೇ ಇರಬೇಕು. ಬೆಳಗಾವಿಯ ರವಿವಾರ ಪೇಟೆಯ ಸಗಟು ಅಂಗಡಿಯಾಗಲಿ, ಉದ್ಯಮಬಾಗದ ಫೌಂಡ್ರಿಯಾಗಲಿ, ಖಾನಾಪುರದ ಹಂಚಿನ ವ್ಯಾಪಾರವಾಗಲಿ, ಹೆಚ್ಚಾಗಿ ಈ ಎರಡನೆಯ ವರ್ಗಕ್ಕೇ ಸೇರಿದವು. ಕಂಪನಿಗಳು ಇವೆರಡನ್ನೂ ಹೇಗೆ ಸರಿದೂಗಿಸುತ್ತವೆ ಎಂಬುದನ್ನು ಅರಿಯಲು ಬೆಂಗಳೂರಿನಲ್ಲಿಯೇ ಹುಟ್ಟಿದ ಟ್ಯಾಲಿ ಉತ್ತಮ ನಿದರ್ಶನ.

ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ವ್ಯಾಪಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ದೊರೆಯದಿದ್ದಾಗ ಮಗ ಭರತ್ ಗೋಯೆಂಕಾ ಅವರಿಂದ ಅದನ್ನು ಸಿದ್ಧಪಡಿಸಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಆರಂಭವಾದ ಸಂಸ್ಥೆಯೇ ಇಂದಿನ ಟ್ಯಾಲಿ ಸೊಲ್ಯೂಷನ್ಸ್. ಖಾತೆಗಳಿಗೆ ಸಂಕೇತ ಸಂಖ್ಯೆ ನೀಡದೆ ಹೆಸರಿನಿಂದಲೇ ನಮೂದಿಸಬಹುದಾದ್ದರಿಂದ, ಕೀರ್ದಿ–ಖಾತೆ ಬರೆದು ರೂಢಿಯಿದ್ದ ದಿವಾಣಜಿಗಳಿಗೆ ಇದು ಬೇಗ ಒಗ್ಗಿತು.

ಒಗ್ಗಿದ್ದನ್ನು ಬದಲಿಸುವುದೇ ಕಷ್ಟ. ಆದರೆ ತೆರಿಗೆ ಕಾನೂನು ಯಾರ ರೂಢಿಗೂ ಕಾಯುವುದಿಲ್ಲ. 2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. ಪ್ರತಿಸಲವೂ ಹಳೆಯ ಆವೃತ್ತಿಯವರು ಹೊಸದಕ್ಕೆ ಬರಬೇಕಾಯಿತು. 7.2 ಆವೃತ್ತಿಯ ಲೆಕ್ಕಗಳನ್ನು ಟ್ಯಾಲಿ 9ಕ್ಕೆ ವರ್ಗಾಯಿಸಲು ಕಂಪನಿ ಪ್ರತ್ಯೇಕ ಸಾಧನವನ್ನೇ ಒದಗಿಸಿತ್ತು. ಹಳೆಯ ಲೆಕ್ಕ ತೆರೆಯದಿದ್ದರೆ ಹೊಸ ಸೌಲಭ್ಯ ಎಷ್ಟಿದ್ದರೇನು?

2020ರ ನವೆಂಬರಿನಲ್ಲಿ ಟ್ಯಾಲಿ.ಇಆರ್‌ಪಿ 9ರ ಸ್ಥಾನಕ್ಕೆ ಟ್ಯಾಲಿಪ್ರೈಮ್ ಬಂದಾಗ ಈ ಸಮತೋಲನದ ಪರೀಕ್ಷೆ ನಡೆಯಿತು. ಪರದೆಯ ರೂಪ ಬದಲಾಯಿತು, ಆದರೆ ಪಾವತಿಗೆ ಎಫ್5, ಜಮೆಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಹಾಗೆಯೇ ಉಳಿದವು. ದಿನಕ್ಕೆ ನೂರು ಬಾರಿ ಒತ್ತುವ ಕೀಲಿಗಳನ್ನು ಕಂಪನಿ ಮುಟ್ಟಲಿಲ್ಲ. ಅಪರೂಪಕ್ಕೆ ಬೇಕಾಗುವ ಕ್ರೆಡಿಟ್ ನೋಟು, ಡೆಬಿಟ್ ನೋಟುಗಳಂತಹವುಗಳ ಕೀಲಿಗಳನ್ನು ಬದಲಿಸಿತು. ಇದು ವಿವೇಕದ ನಡೆ.

ಇನ್ನೂ ಸೂಕ್ಷ್ಮವಾದದ್ದು ತಿದ್ದುಪಡಿ ದಾಖಲೆಯ ವಿಷಯ. 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯ ವ್ಯಾಪ್ತಿಗೆ ಬರುವ ಕಂಪನಿಗಳು, ಪ್ರತಿ ನಮೂದಿನ ಬದಲಾವಣೆಯನ್ನೂ ದಾಖಲಿಸುವ ಹಾಗೂ ಆ ಸೌಲಭ್ಯವನ್ನು ನಿಲ್ಲಿಸಲು ಬಾರದಂತಹ ತಂತ್ರಾಂಶವನ್ನೇ ಬಳಸಬೇಕು. ಇದು ಪ್ರೈವೇಟ್ ಲಿಮಿಟೆಡ್ ಫೌಂಡ್ರಿಗೆ ಅನ್ವಯಿಸುತ್ತದೆ, ಮಾಲೀಕತ್ವದ ಅಂಗಡಿಗೆ ಅಲ್ಲ. ಆದ್ದರಿಂದ ಟ್ಯಾಲಿ ಎರಡು ರೂಪಗಳನ್ನು ನೀಡಿತು: ಸಾಮಾನ್ಯ ಟ್ಯಾಲಿಪ್ರೈಮ್‌ನಲ್ಲಿ ಈ ದಾಖಲೆ ಐಚ್ಛಿಕ, ಎಡಿಟ್ ಲಾಗ್ ಆವೃತ್ತಿಯಲ್ಲಿ ಕಡ್ಡಾಯ. ಒಬ್ಬರಿಗೆ ಬೇಕಾದ ಹೊರೆಯನ್ನು ಎಲ್ಲರ ಮೇಲೂ ಹೇರಲಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ? ಪರವಾನಗಿಯ ಬೆಲೆ ಬರುವುದು ಒಮ್ಮೆ, ಸೇವೆಯ ವೆಚ್ಚ ವರ್ಷವರ್ಷವೂ ಇರುತ್ತದೆ. ಹೊಸ ಗಿರಾಕಿಗಳ ಹಣದಿಂದಲೇ ಹಳಬರ ಸೇವೆ ನಡೆಸುವ ಲೆಕ್ಕ, ಮಾರಾಟ ತಗ್ಗಿದ ದಿನ ಕುಸಿಯುತ್ತದೆ. ಟ್ಯಾಲಿಯ ಉತ್ತರ ಟಿಎಸ್‌ಎಸ್ ಎಂಬ ವಾರ್ಷಿಕ ಸೇವಾ ಶುಲ್ಕ. ಅದನ್ನು ನವೀಕರಿಸದಿದ್ದರೆ ಇರುವ ತಂತ್ರಾಂಶ ನಿಲ್ಲುವುದಿಲ್ಲ; ಹೊಸ ಆವೃತ್ತಿಗಳು ಮತ್ತು ಅಂತರ್ಜಾಲ ಸೇವೆಗಳು ಸಿಗುವುದಿಲ್ಲ. ಕೆಲವು ವ್ಯಾಪಾರಿಗಳು ಇದನ್ನು ದಂಡವೆಂದು ಗೊಣಗುವುದುಂಟು. ಆದರೂ ಹಳೆಯ ಬಳಕೆದಾರನ ಮಾತಿಗೆ ಕಂಪನಿಯಲ್ಲಿ ತೂಕ ಬರುವುದು ಅವನಿಂದ ಪ್ರತಿವರ್ಷ ಆದಾಯ ಬಂದಾಗಲೇ.

ನವೀಕರಣದ ವೆಚ್ಚವನ್ನು ಶುಲ್ಕವೊಂದರಿಂದಲೇ ಅಳೆಯಬಾರದು. ದಿವಾಣಜಿಯ ಕಲಿಕೆಯ ದಿನಗಳನ್ನೂ, ತಮಗಾಗಿಯೇ ಟಿಡಿಎಲ್‌ನಲ್ಲಿ ಬರೆಸಿಕೊಂಡ ಬಿಲ್ ನಮೂನೆಗಳ ಪರಿಶೀಲನೆಯನ್ನೂ ಸೇರಿಸಬೇಕು. ಮೊದಲು ಬ್ಯಾಕಪ್ ತೆಗೆದು, ಅದರ ಒಂದು ಪ್ರತಿಯ ಮೇಲೆ ಹೊಸ ಆವೃತ್ತಿಯನ್ನು ಪರೀಕ್ಷಿಸಿ, ತಾಳೆಪಟ್ಟಿ ಎರಡರಲ್ಲೂ ಒಂದೇ ಬರುತ್ತದೆಯೇ ಎಂದು ನೋಡಬೇಕು. ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಕಾಯ್ದಿಡಬೇಕಾಗಿರುವುದರಿಂದ ಹಳೆಯ ಲೆಕ್ಕ ತೆರೆಯಬಲ್ಲ ವ್ಯವಸ್ಥೆಯೂ ಇರಬೇಕು.

ಖಾನಾಪುರದಿಂದ ಗೋವೆಗೆ 50,000 ರೂಪಾಯಿಗೂ ಮೀರಿದ ಸರಕು ಕಳಿಸುವವನಿಗೆ ಇ-ವೇ ಬಿಲ್ ಬೇಕು. ಟಿಎಸ್‌ಎಸ್ ಇಲ್ಲದಿದ್ದರೂ ಸರ್ಕಾರಿ ಜಾಲತಾಣದಲ್ಲಿ ಅದನ್ನು ಪಡೆಯಬಹುದು, ಆದರೆ ಪ್ರತಿ ಬಿಲ್ಲಿನ ವಿವರವನ್ನು ಅಲ್ಲಿಗೆ ತಾನೇ ಒದಗಿಸಬೇಕಾಗುತ್ತದೆ. ತಿಂಗಳಿಗೆ ಎರಡು ಲೋಡು ಕಳಿಸುವವನು ಆ ಶ್ರಮವನ್ನು ಸಹಿಸಬಹುದು. ದಿನಕ್ಕೆ ಹತ್ತು ಕಳಿಸುವವನಿಗೆ ನವೀಕರಣವೇ ಅಗ್ಗ.